1940ರ ಮೇ 10: ಬೆಲ್ಜಿಯಂ, ಹಾಲೆಂಡ್, ಲಕ್ಸೆಂಬರ್ಗ್ ಮೇಲೆ ಜರ್ಮನಿಯ ದಾಳಿ, ಪದೇ ಪದೇ ಕೇಳುವ ಪ್ರಶ್ನೆಗಳು

ಎರಡನೇ ಮಹಾಯುದ್ಧದ ಬಗ್ಗೆ ನಾವು ಶಾಲೆಯಲ್ಲಿ ಓದುವಾಗ ಈ ಮೂರು ದೇಶಗಳ ಕತೆ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತದೆ. "ಜರ್ಮನಿ ಬೆಲ್ಜಿಯಂ ದಾಟಿ ಫ್ರಾನ್ಸ್‌ಗೆ ನುಗ್ಗಿತು" ಅಂತ ಬರೆದು ಪಾಠ ಮುಂದೆ ಹೋಗುತ್ತದೆ. ಆಮೇಲೆ ಯಾರಾದರೂ ಈ ವಿಷಯ ಎತ್ತಿದರೆ ಮೊದಲು ಕೇಳಿಬರುವ ಮಾತು, "ಅವರು ಹೋರಾಡಲೇ ಇಲ್ಲವಲ್ಲ, ಐದು ದಿನಕ್ಕೇ ಕೈ ಎತ್ತಿಬಿಟ್ಟರು" ಅಂತ. ಇದು ತಪ್ಪು, ಆ ಜನರಿಗೆ ಮಾಡುವ ಅನ್ಯಾಯ ಕೂಡ. ಅದಕ್ಕೇ ಇಷ್ಟು ಉದ್ದಕ್ಕೆ ಬರೆದಿದ್ದೇನೆ.

ಮೊದಲು ಚಿಕ್ಕದಾಗಿ ಹೇಳಿ, ಆವತ್ತು ಏನಾಯ್ತು?

1940ರ ಮೇ 10, ಶುಕ್ರವಾರ. ಇನ್ನೂ ಬೆಳಕು ಹರಿದಿರಲಿಲ್ಲ. ಜರ್ಮನಿಯ ವಿಮಾನಗಳು, ಟ್ಯಾಂಕುಗಳು, ಪ್ಯಾರಾಚೂಟ್ ಪಡೆಗಳು ಒಟ್ಟಿಗೇ ನೆದರ್ಲೆಂಡ್ಸ್ (ನಮ್ಮ ಬಾಯಲ್ಲಿ ಹಾಲೆಂಡ್), ಬೆಲ್ಜಿಯಂ, ಲಕ್ಸೆಂಬರ್ಗ್ ಗಡಿ ದಾಟಿದವು. ಯುದ್ಧ ಶುರುವಾದಾಗಲೇ ಮೂರೂ ದೇಶಗಳು "ನಾವು ಯಾರ ಕಡೆಯೂ ಅಲ್ಲ" ಎಂದು ಸಾರಿದ್ದವು. ಲಕ್ಸೆಂಬರ್ಗ್ ಒಂದೇ ದಿನದಲ್ಲಿ ಜರ್ಮನಿಯ ಕೈಸೇರಿತು. ಹಾಲೆಂಡ್ 5 ದಿನ ತಡೆಯಿತು, ಬೆಲ್ಜಿಯಂ 18 ದಿನ. ಅದಕ್ಕೆ ಒಂದು ತಿಂಗಳ ಹಿಂದೆ, ಏಪ್ರಿಲ್ 9ರಂದು, ಡೆನ್ಮಾರ್ಕ್ ಮತ್ತು ನಾರ್ವೆಗೂ ಇದೇ ಗತಿ ಆಗಿತ್ತು. ಅವೂ ತಟಸ್ಥ ದೇಶಗಳೇ.

ತಟಸ್ಥ ಅಂದರೆ ಸುಮ್ನೆ ಕೂತಿರೋದಾ?

ಅಲ್ಲ. 1907ರ ಹೇಗ್ ಒಪ್ಪಂದದ ಪ್ರಕಾರ ತಟಸ್ಥ ದೇಶದ ನೆಲವನ್ನು ಯುದ್ಧ ಮಾಡುವವರು ಮುಟ್ಟುವ ಹಾಗಿಲ್ಲ. ಆದರೆ ತಟಸ್ಥ ದೇಶಕ್ಕೂ ಹೊಣೆ ಇದೆ. ತನ್ನ ನೆಲದ ಮೇಲೆ ಯಾವ ಕಡೆಯ ಸೈನ್ಯವೂ ಹಾದುಹೋಗದಂತೆ ಅದು ನೋಡಿಕೊಳ್ಳಬೇಕು, ಬೇಕಾದರೆ ಆಯುಧ ಹಿಡಿದು ತಡೆಯಬೇಕು. ಹಾಗಾಗಿ ಬೆಲ್ಜಿಯಂ 1940ರಲ್ಲಿ ಆರು ಲಕ್ಷಕ್ಕೂ ಹೆಚ್ಚು ಸೈನಿಕರನ್ನು ಸಜ್ಜು ಮಾಡಿ ನಿಲ್ಲಿಸಿತ್ತು. ಅಷ್ಟು ಚಿಕ್ಕ ದೇಶಕ್ಕೆ ಅದು ಬಹಳ ದೊಡ್ಡ ಹೊರೆ. ಹಾಲೆಂಡ್ ಸುಮಾರು 2,80,000 ಜನರನ್ನು ಕರೆಸಿಕೊಂಡಿತ್ತು. ಹೊಲ, ಅಂಗಡಿ, ಕಾರ್ಖಾನೆ ಬಿಟ್ಟು ಬಂದವರು ಎಂಟು ತಿಂಗಳು ಗಡಿಯಲ್ಲಿ, ಕಾಲುವೆ ದಂಡೆಗಳಲ್ಲಿ ಕಾವಲು ಕಾದರು.

ಜರ್ಮನಿ ಈ ದೇಶಗಳಿಗೆ ಮಾತು ಕೊಟ್ಟಿತ್ತಾ?

ಒಂದು ಸಲ ಅಲ್ಲ, ಹಲವು ಸಲ. 1937ರ ಅಕ್ಟೋಬರ್‌ನಲ್ಲಿ ಬೆಲ್ಜಿಯಂನ ನೆಲ ಮುಟ್ಟುವುದಿಲ್ಲ ಎಂದು ಬರೆದುಕೊಟ್ಟಿತು. 1939ರ ಆಗಸ್ಟ್ 26ರಂದು, ಪೋಲೆಂಡ್ ಮೇಲೆ ಬೀಳುವ ಕೆಲವೇ ದಿನ ಮುಂಚೆ, ಮೂರೂ ದೇಶಗಳಿಗೆ ಅದೇ ಭರವಸೆ ಕೊಟ್ಟಿತು. ಅಕ್ಟೋಬರ್ 6ರಂದು ಹಿಟ್ಲರ್ ಸಂಸತ್ತಿನಲ್ಲಿ ನಿಂತು ಶಾಂತಿಯ ಮಾತಾಡಿದ. ಮೂರೇ ದಿನಕ್ಕೆ, ಅಕ್ಟೋಬರ್ 9ರಂದು, ಸೇನೆಗೆ ಗುಟ್ಟಾಗಿ ಆದೇಶ ಹೊರಡಿಸಿದ: ಲಕ್ಸೆಂಬರ್ಗ್, ಬೆಲ್ಜಿಯಂ, ಹಾಲೆಂಡ್ ಮೂಲಕ ದಾಳಿಗೆ ಸಿದ್ಧರಾಗಿ.

ಬೆಲ್ಜಿಯಂಗೆ ಇದು ಎರಡನೇ ಸಲ. 1839ರ ಲಂಡನ್ ಒಪ್ಪಂದದಲ್ಲಿ ಅದರ ತಟಸ್ಥತೆಗೆ ಜಾಮೀನು ನಿಂತ ದೊಡ್ಡ ದೇಶಗಳಲ್ಲಿ ಪ್ರಷ್ಯಾ (ಮುಂದೆ ಜರ್ಮನಿಯನ್ನು ಒಂದುಗೂಡಿಸಿದ ರಾಜ್ಯ) ಕೂಡ ಒಂದು. 1914ರ ಆಗಸ್ಟ್ 4ರಂದು ಜರ್ಮನಿ ಅದನ್ನು ತುಳಿದು ಒಳಗೆ ಬಂತು. ಅಂದಿನ ಜರ್ಮನ್ ಚಾನ್ಸಲರ್ ಬೆಟ್‌ಮನ್ ಹಾಲ್ವೆಗ್ ಆ ಒಪ್ಪಂದವನ್ನು "ಕಾಗದದ ಚೂರು" ಅಂದದ್ದು ಜಗತ್ತಿಗೆಲ್ಲ ಗೊತ್ತಾಯಿತು. ಅದೇ ತಿಂಗಳು ಬೆಲ್ಜಿಯಂನ ಲೂವೆನ್ ಊರಿನ ವಿಶ್ವವಿದ್ಯಾಲಯದ ಗ್ರಂಥಾಲಯ ಸುಟ್ಟುಹೋಯಿತು. ಯುದ್ಧ ಮುಗಿದ ಮೇಲೆ ಅದನ್ನು ಮತ್ತೆ ಕಟ್ಟಿದರು. 1940ರ ಮೇನಲ್ಲಿ ಅದೇ ಗ್ರಂಥಾಲಯ ಮತ್ತೊಮ್ಮೆ ಸುಟ್ಟುಹೋಯಿತು.

ಹಾಗಾದರೆ ಯಾಕೆ ನುಗ್ಗಿತು? ಜಗಳ ಇದ್ದಿದ್ದು ಫ್ರಾನ್ಸ್, ಬ್ರಿಟನ್ ಜೊತೆ ಅಲ್ವಾ?

ಹೌದು, ಈ ಮೂವರ ಮೇಲೆ ಜರ್ಮನಿಗೆ ಯಾವ ತಕರಾರೂ ಇರಲಿಲ್ಲ. ಇವರು ದಾರಿಯಲ್ಲಿದ್ದರು, ಅಷ್ಟೇ. ಫ್ರಾನ್ಸ್ ತನ್ನ ಜರ್ಮನ್ ಗಡಿಯ ಉದ್ದಕ್ಕೂ ಮ್ಯಾಜಿನೊ ಕೋಟೆಸಾಲು ಕಟ್ಟಿಕೊಂಡಿತ್ತು. ಅದನ್ನು ಎದುರಿನಿಂದ ಒಡೆಯುವುದು ಕಷ್ಟ, ಬಳಸಿಕೊಂಡು ಹೋಗಬೇಕಾದರೆ ಬೆಲ್ಜಿಯಂ, ಲಕ್ಸೆಂಬರ್ಗ್ ನೆಲವೇ ಬೇಕು. ಇಂಗ್ಲೆಂಡ್ ಮೇಲೆ ವಿಮಾನದಾಳಿ ಮಾಡಲು ಸಮುದ್ರತೀರದ ನೆಲೆಗಳೂ ಬೇಕಿದ್ದವು. ಜರ್ಮನಿಯ ಕಲ್ಲಿದ್ದಲು, ಉಕ್ಕು ಎಲ್ಲ ಇದ್ದ ರೂರ್ ಪ್ರದೇಶಕ್ಕೆ ಪಶ್ಚಿಮದಿಂದ ಅಪಾಯ ಬರಬಾರದು ಎನ್ನುವುದು ಇನ್ನೊಂದು ಕಾರಣ. ಈ ಕೊನೆಯ ಎರಡು ಕಾರಣಗಳನ್ನು ಆ ಅಕ್ಟೋಬರ್ ಆದೇಶದಲ್ಲೇ ಬರೆದಿದ್ದರು.

ಹೊರಗೆ ಹೇಳಿದ ಕಾರಣ ಬೇರೆ. "ಇವರು ತಟಸ್ಥರಾಗಿ ಉಳಿದಿಲ್ಲ, ಬ್ರಿಟಿಷರ ಜೊತೆ ಕೈಜೋಡಿಸಿದ್ದಾರೆ, ನಾವು ಬರದಿದ್ದರೆ ಅವರು ಬರುತ್ತಿದ್ದರು" ಎಂದರು. ಆ ನೆಪಕ್ಕೆ 1939ರ ನವೆಂಬರ್ 9ರ ವೆನ್ಲೋ ಘಟನೆಯನ್ನು ಬಳಸಿಕೊಂಡರು. ಹಾಲೆಂಡ್ ಗಡಿಯ ಆ ಊರಿನಿಂದ ಇಬ್ಬರು ಬ್ರಿಟಿಷ್ ಗೂಢಚಾರರನ್ನು ಜರ್ಮನ್ನರು ಎಳೆದೊಯ್ದರು, ಜೊತೆಯಲ್ಲಿದ್ದ ಡಚ್ ಅಧಿಕಾರಿ ಗುಂಡೇಟಿಗೆ ಬಲಿಯಾದ. ಯುದ್ಧ ಮುಗಿದ ಮೇಲೆ ನಾಜಿ ನಾಯಕರ ವಿಚಾರಣೆ ನಡೆಸಿದ ನ್ಯೂರೆಂಬರ್ಗ್ ನ್ಯಾಯಮಂಡಳಿ ಈ ಎಲ್ಲ ವಾದ ಕೇಳಿ, ಮೂರು ದೇಶಗಳ ಮೇಲಿನ ದಾಳಿಗೆ ಯಾವ ಸಮರ್ಥನೆಯೂ ಇಲ್ಲ ಎಂದು ತೀರ್ಪು ಕೊಟ್ಟಿತು.

ಮುಂಚೆ ಯಾರಿಗೂ ಸುಳಿವೇ ಸಿಗಲಿಲ್ವಾ?

ಸಿಕ್ಕಿತ್ತು, ಬೇಕಾದಷ್ಟು ಸಿಕ್ಕಿತ್ತು. 1940ರ ಜನವರಿ 10ರ ಕತೆ ಕೇಳಿ. ಜರ್ಮನ್ ಮೇಜರ್ ರೈನ್‌ಬರ್ಗರ್ ಎಂಬಾತ ಮ್ಯೂನ್‌ಸ್ಟರ್‌ನಿಂದ ಕಲೋನ್‌ಗೆ ಹೋಗಬೇಕಿತ್ತು, ಬ್ಯಾಗಿನಲ್ಲಿ ದಾಳಿಯ ಗುಪ್ತ ಕಾಗದಪತ್ರ. ರೈಲಿನಲ್ಲಿ ಹೋಗಬೇಕಾದವನನ್ನು ಪರಿಚಯದ ಪೈಲಟ್ ಒಬ್ಬ ತನ್ನ ಸಣ್ಣ ವಿಮಾನದಲ್ಲಿ ಬಿಡುತ್ತೇನೆ ಎಂದು ಕರೆದ. ದಟ್ಟ ಮಂಜು. ಪೈಲಟ್‌ಗೆ ದಾರಿ ತಪ್ಪಿತು, ಮ್ಯೂಸ್ ನದಿಯನ್ನೇ ರೈನ್ ಅಂದುಕೊಂಡ, ಕೊನೆಗೆ ಎಂಜಿನ್ ನಿಂತು ಬೆಲ್ಜಿಯಂನ ಮೆಕೆಲೆನ್ ಎಂಬ ಹಳ್ಳಿಯ ಹತ್ತಿರ ಹೊಲದಲ್ಲಿ ಇಳಿಸಿಬಿಟ್ಟ. ತಾನು ಇಳಿದದ್ದು ಬೆಲ್ಜಿಯಂನಲ್ಲಿ ಎಂದು ಗೊತ್ತಾದದ್ದೇ ಮೇಜರ್ ಪೊದೆಯ ಮರೆಗೆ ಓಡಿ, ಅಲ್ಲಿದ್ದ ಕೂಲಿಯವನಿಂದ ಬೆಂಕಿಪೊಟ್ಟಣ ಈಸಿಕೊಂಡು ಕಾಗದಗಳಿಗೆ ಬೆಂಕಿ ಹಚ್ಚಿದ. ಗಡಿ ಕಾವಲಿನವರು ಹೊಗೆ ನೋಡಿ ಬಂದು ಆರಿಸಿದರು. ಆಮೇಲೆ ಕಾವಲುಮನೆಯಲ್ಲಿ ಕೂರಿಸಿದಾಗ ಅವನು ಅವೇ ಕಾಗದಗಳನ್ನು ಕಿತ್ತುಕೊಂಡು ಉರಿಯುವ ಒಲೆಗೆ ತುರುಕಿದ. ಬೆಲ್ಜಿಯಂನ ಅಧಿಕಾರಿ ಒಲೆಗೇ ಕೈ ಹಾಕಿ, ಕೈ ಸುಟ್ಟುಕೊಂಡು, ಅವನ್ನು ಹೊರಗೆಳೆದ. ಉಳಿದ ತುಂಡುಗಳಲ್ಲಿ ಬೆಲ್ಜಿಯಂ, ಹಾಲೆಂಡ್ ಮೇಲಿನ ದಾಳಿಯ ವಿವರ ಸಾಕಷ್ಟು ಓದುವ ಹಾಗಿತ್ತು.

ಇನ್ನೊಂದು ಸುಳಿವು ಬರ್ಲಿನ್‌ನ ಒಳಗಿಂದಲೇ ಬರುತ್ತಿತ್ತು. ಜರ್ಮನ್ ಸೇನಾ ಗುಪ್ತಚರ ವಿಭಾಗದ ಹನ್ಸ್ ಓಸ್ಟರ್ ಹಿಟ್ಲರ್‌ನ ವಿರೋಧಿ. ದಾಳಿಯ ದಿನಾಂಕ ನಿಗದಿಯಾದಾಗಲೆಲ್ಲ ಬರ್ಲಿನ್‌ನಲ್ಲಿದ್ದ ಡಚ್ ಸೇನಾ ಪ್ರತಿನಿಧಿ ಸಾಸ್ ಎಂಬವರಿಗೆ ಹೇಳುತ್ತಿದ್ದ. ಆದರೆ ಹವಾಮಾನ, ಯೋಜನೆಯ ಬದಲಾವಣೆ ಅಂತ ಹಿಟ್ಲರ್ ದಿನಾಂಕವನ್ನು ಇಪ್ಪತ್ತಕ್ಕೂ ಹೆಚ್ಚು ಸಲ ಮುಂದೂಡಿದ. ಪ್ರತಿ ಸಲ "ನಾಳೆ ಬರುತ್ತಾರೆ" ಎಂದ ಸಾಸ್ ಮಾತು ಸುಳ್ಳಾಗಿ ಕಾಣುತ್ತಿತ್ತು. ಡಚ್ ಸರ್ಕಾರ ಇದ್ದ ಹೇಗ್‌ನಲ್ಲಿ ಅವರನ್ನು ನಂಬುವವರೇ ಕಡಿಮೆಯಾದರು. ಮೇ 9ರ ರಾತ್ರಿ ಓಸ್ಟರ್ ಕೊನೆಯ ಸಲ ಹೇಳಿದ, ಸಾಸ್ ಫೋನ್ ಮಾಡಿದರು, ಈ ಸಲ ನಿಜವಾಯಿತು. ಓಸ್ಟರ್‌ನನ್ನು ನಾಜಿಗಳು 1945ರ ಏಪ್ರಿಲ್‌ನಲ್ಲಿ ಗಲ್ಲಿಗೇರಿಸಿದರು. ತನ್ನ ದೇಶದ ಸೇನೆಯ ಗುಟ್ಟನ್ನು ಹೊರಗೆ ಕೊಟ್ಟ ಅವನನ್ನು ದ್ರೋಹಿ ಎನ್ನುವವರು ಈಗಲೂ ಇದ್ದಾರೆ. ನಾನು ಆ ಮಾತು ಒಪ್ಪುವುದಿಲ್ಲ. ಏನೂ ತಪ್ಪು ಮಾಡದ ನೆರೆಯವರನ್ನು ಎಚ್ಚರಿಸಲು ಅವನು ತನ್ನ ತಲೆಯನ್ನೇ ಪಣಕ್ಕಿಟ್ಟ.

ಇಷ್ಟೆಲ್ಲ ಗೊತ್ತಿದ್ದೂ ಫ್ರೆಂಚ್, ಬ್ರಿಟಿಷ್ ಸೇನೆಯನ್ನು ಮೊದಲೇ ಕರೆಸಿಕೊಳ್ಳಲಿಲ್ಲ ಯಾಕೆ?

ಕರೆಸಿಕೊಂಡ ಕ್ಷಣವೇ ತಟಸ್ಥತೆ ಮುಗಿಯುತ್ತಿತ್ತು, ಜರ್ಮನಿಗೆ ಬೇಕಿದ್ದ ನೆಪ ತಾನಾಗಿಯೇ ಸಿಗುತ್ತಿತ್ತು. ಬೆಲ್ಜಿಯಂ 1936ರವರೆಗೆ ಫ್ರಾನ್ಸ್ ಜೊತೆಗಿತ್ತು. ಆ ವರ್ಷ ಜರ್ಮನ್ ಸೇನೆ ರೈನ್‌ಲ್ಯಾಂಡ್‌ಗೆ (ಜರ್ಮನಿಯದೇ ಆದರೂ ಸೇನೆ ಇಡುವ ಹಾಗಿಲ್ಲ ಎಂದು ಒಪ್ಪಂದವಾಗಿದ್ದ ಗಡಿ ಪ್ರದೇಶ) ನುಗ್ಗಿದಾಗ ಫ್ರಾನ್ಸ್, ಬ್ರಿಟನ್ ಏನೂ ಮಾಡಲಿಲ್ಲ. ಅದನ್ನು ನೋಡಿದ ಬೆಲ್ಜಿಯಂ ಮತ್ತೆ ತಟಸ್ಥ ದಾರಿ ಹಿಡಿಯಿತು. ಹಾಲೆಂಡ್‌ಗಂತೂ ಅದು ಕೈಹಿಡಿದ ದಾರಿ. ಮೊದಲ ಮಹಾಯುದ್ಧದ ನಾಲ್ಕು ವರ್ಷವೂ ಅದು ಯುದ್ಧದ ಹೊರಗೇ ಉಳಿದಿತ್ತು.

ಇದರಿಂದ ನಷ್ಟ ಆಗಿದ್ದು ನಿಜ. ಒಟ್ಟಿಗೆ ಕೂತು ಯೋಜನೆ ಮಾಡಲಿಲ್ಲ, ಬೆಲ್ಜಿಯಂ ಮತ್ತು ಹಾಲೆಂಡ್ ತಮ್ಮತಮ್ಮಲ್ಲೂ ಸರಿಯಾಗಿ ಮಾತಾಡಿಕೊಳ್ಳಲಿಲ್ಲ. ದಾಳಿಯಾದ ಮೇಲೆ ಮಿತ್ರಸೇನೆ ಅವಸರದಲ್ಲಿ ಓಡಿಬರಬೇಕಾಯಿತು. ಹಾಗೆ ಅವರು ಉತ್ತರಕ್ಕೆ ಓಡಿಬರಲಿ ಎಂಬುದೇ ಜರ್ಮನ್ನರ ಲೆಕ್ಕಾಚಾರವಾಗಿತ್ತು. ಯಾಕೆಂದರೆ ಮುಖ್ಯ ಟ್ಯಾಂಕ್ ಪಡೆ ದಕ್ಷಿಣದಲ್ಲಿ, ಯಾರೂ ನಿರೀಕ್ಷಿಸದ ಆರ್ಡೆನ್ ಕಾಡಿನ ಮೂಲಕ ಬಂದು ಮೇ 13ಕ್ಕೆ ಸೆಡಾನ್‌ನಲ್ಲಿ ಮ್ಯೂಸ್ ನದಿ ದಾಟಿತು.

ಎಬೆನ್ ಎಮಾಲ್ ಕೋಟೆ ಒಂದು ದಿನದಲ್ಲಿ ಬಿತ್ತು ಅಂತಾರೆ. ಅದು ಹೇಗೆ?

ಬೆಲ್ಜಿಯಂ 1930ರ ದಶಕದಲ್ಲಿ ಆಲ್ಬರ್ಟ್ ಕಾಲುವೆಯ ದಂಡೆಯಲ್ಲಿ, ಹಾಲೆಂಡ್ ಗಡಿಗೆ ಅಂಟಿಕೊಂಡಂತೆ ಕಟ್ಟಿದ ಕೋಟೆ ಇದು. ಗುಡ್ಡದ ಒಳಗೆ ಕಿಲೋಮೀಟರ್‌ಗಟ್ಟಲೆ ಸುರಂಗ, ಮೇಲೆ ಉಕ್ಕಿನ ಗುಮ್ಮಟಗಳಲ್ಲಿ ಫಿರಂಗಿ. ಯುರೋಪಿನ ಅತಿ ಗಟ್ಟಿ ಕೋಟೆಗಳಲ್ಲಿ ಒಂದು ಎಂದು ಹೆಸರಾಗಿತ್ತು. ಶತ್ರು ನೆಲದ ಮೇಲಿಂದ ಬರುತ್ತಾನೆ ಎಂದೇ ಎಲ್ಲ ಲೆಕ್ಕ ಹಾಕಿದ್ದರು. ಕೋಟೆಯ ಮಾಡು ಹುಲ್ಲು ಬೆಳೆದ ಬಯಲು, ಅಲ್ಲಿ ಸೈನಿಕರು ಫುಟ್‌ಬಾಲ್ ಆಡುತ್ತಿದ್ದರು.

ಜರ್ಮನ್ನರು ಬಂದದ್ದು ಆಕಾಶದಿಂದ, ಅದೂ ಎಂಜಿನ್ ಇಲ್ಲದ ಗ್ಲೈಡರ್‌ಗಳಲ್ಲಿ, ಸದ್ದೇ ಇಲ್ಲದೆ. ಕಲೋನ್‌ನಿಂದ ಹೊರಟ 11ರಲ್ಲಿ 9 ಗ್ಲೈಡರ್‌ಗಳು ನೇರ ಕೋಟೆಯ ಮಾಡಿನ ಮೇಲೇ ಇಳಿದವು. ಇಳಿದವರು ನೂರು ಜನವೂ ಇರಲಿಲ್ಲ. ಅವರು ತಂದಿದ್ದು ಹೊಸ ಬಗೆಯ ಸಿಡಿಮದ್ದು. ಸ್ಫೋಟದ ಶಕ್ತಿಯನ್ನೆಲ್ಲ ಒಂದೇ ಬಿಂದುವಿಗೆ ಹರಿಸಿ ಉಕ್ಕನ್ನೇ ತೂತು ಮಾಡುವಂಥದ್ದು, ದೊಡ್ಡದೊಂದರ ತೂಕವೇ 50 ಕೆಜಿ. ಗುಮ್ಮಟದ ಮೇಲಿಟ್ಟು ಸಿಡಿಸಿದರೆ ಒಳಗಿದ್ದ ಫಿರಂಗಿ, ಅದರ ಹಿಂದಿದ್ದ ಮನುಷ್ಯರು ಎಲ್ಲ ಮುಗಿದಂತೆ. ಕೆಲವೇ ನಿಮಿಷಗಳಲ್ಲಿ ಮುಖ್ಯ ಫಿರಂಗಿಗಳು ಬಾಯಿ ಮುಚ್ಚಿದವು. ಒಳಗಿದ್ದ ನೂರಾರು ಬೆಲ್ಜಿಯನ್ ಸೈನಿಕರು ಹೊಗೆ ತುಂಬಿದ ಸುರಂಗಗಳಲ್ಲಿ ಮರುದಿನ ಮಧ್ಯಾಹ್ನದವರೆಗೂ ಇದ್ದು, ಕೊನೆಗೆ ಶರಣಾದರು. ಅಂಥ ಆಯುಧವನ್ನೂ ಅಂಥ ದಾಳಿಯನ್ನೂ ಜಗತ್ತಿನಲ್ಲಿ ಯಾರೂ ಅಲ್ಲಿಯವರೆಗೆ ಕಂಡಿರಲಿಲ್ಲ. ಇದನ್ನು ಹೇಡಿತನ ಅಂತ ಹೇಗೆ ಕರೆಯುವುದು?

ಮೊದಲು ಯುದ್ಧ ಸಾರಿ ಆಮೇಲೆ ಬಂದರಾ?

ಇಲ್ಲ. ಬ್ರಸೆಲ್ಸ್ ಮೇಲೆ ಆಗಲೇ ಬಾಂಬ್ ಬಿದ್ದಿದ್ದವು, ಆಮೇಲೆ ಜರ್ಮನ್ ರಾಯಭಾರಿ ಬೆಲ್ಜಿಯಂನ ವಿದೇಶಾಂಗ ಮಂತ್ರಿ ಪಾಲ್ ಹೆನ್ರಿ ಸ್ಪಾಕ್ ಅವರ ಕೋಣೆಗೆ ಬಂದ. ಜೇಬಿನಿಂದ ಕಾಗದ ತೆಗೆದು ಓದಲು ಹೊರಟ. ಸ್ಪಾಕ್ ತಡೆದು, "ರಾಯಭಾರಿಗಳೇ, ಮೊದಲು ನಾನು" ಎಂದರು. ಇಪ್ಪತ್ತೈದು ವರ್ಷದಲ್ಲಿ ಎರಡನೇ ಸಲ ಜರ್ಮನಿ ತಟಸ್ಥ ಬೆಲ್ಜಿಯಂ ಮೇಲೆ ಅಪರಾಧದ ದಾಳಿ ಮಾಡಿದೆ ಎಂದು ತಮ್ಮ ಪ್ರತಿಭಟನೆಯನ್ನು ಅವನ ಮುಖಕ್ಕೇ ಓದಿದರು. ಹಾಲೆಂಡ್‌ನ ರಾಣಿ ವಿಲ್ಹೆಲ್ಮಿನಾ ಅದೇ ಬೆಳಗ್ಗೆ ತಮ್ಮ ಜನರಿಗೆ ಕೊಟ್ಟ ಹೇಳಿಕೆಯಲ್ಲಿ ಇದರ ವಿರುದ್ಧ "ಉರಿಯುವ ಪ್ರತಿಭಟನೆ" ಸಲ್ಲಿಸುತ್ತೇನೆ ಎಂದರು.

ಹಾಲೆಂಡ್ 5 ದಿನಕ್ಕೇ ಸೋತಿದ್ದು ಹೋರಾಡದೆ ಅಲ್ವಾ?

ಖಂಡಿತ ಅಲ್ಲ. ಜರ್ಮನ್ನರ ಲೆಕ್ಕದಲ್ಲಿ ಮೊದಲ ದಿನವೇ ಹೇಗ್ ಸುತ್ತಲಿನ ಮೂರು ವಿಮಾನನೆಲೆ ಹಿಡಿದು, ರಾಣಿಯನ್ನೂ ಸರ್ಕಾರವನ್ನೂ ಸೆರೆಹಿಡಿದು ಕತೆ ಮುಗಿಸಬೇಕಿತ್ತು. ಡಚ್ ಸೈನಿಕರು ಆ ಮೂರನ್ನೂ ಅದೇ ದಿನ ಮರಳಿ ಪಡೆದರು. ಜರ್ಮನಿಯ ಸಾಗಣೆ ವಿಮಾನಗಳು ಇನ್ನೂರರಷ್ಟು ಹಾಳಾದವು. ಸೆರೆಸಿಕ್ಕ ಸುಮಾರು 1,200 ಜರ್ಮನ್ ಸೈನಿಕರನ್ನು ಹಡಗು ಹತ್ತಿಸಿ ಇಂಗ್ಲೆಂಡಿಗೇ ಕಳಿಸಿದರು. ಉತ್ತರದಲ್ಲಿ ಸಮುದ್ರಕ್ಕೆ ಅಡ್ಡಲಾಗಿ ಕಟ್ಟಿದ ಅಫ್ಸ್ಲೌಟ್‌ಡೈಕ್ ಎಂಬ ಉದ್ದನೆಯ ಒಡ್ಡಿನ ತುದಿಯಲ್ಲಿ ಕಾದು ನಿಂತ ಡಚ್ಚರನ್ನು ಜರ್ಮನ್ನರಿಗೆ ಕೊನೆಯವರೆಗೂ ದಾಟಲಾಗಲಿಲ್ಲ. ಗ್ರೆಬ್ಬೆಬರ್ಗ್ ಗುಡ್ಡದಲ್ಲಿ ಮೂರು ದಿನದ ಕಾದಾಟದಲ್ಲಿ 400ಕ್ಕೂ ಹೆಚ್ಚು ಡಚ್ ಸೈನಿಕರು ಸತ್ತರು.

ಕೊನೆಗೆ ಅವರನ್ನು ಮಣಿಸಿದ್ದು ರಾಟರ್‌ಡ್ಯಾಮ್. ಮೇ 14ರಂದು ಊರು ಒಪ್ಪಿಸಿ, ಇಲ್ಲದಿದ್ದರೆ ನಾಶ ಮಾಡುತ್ತೇವೆ ಎಂದು ಜರ್ಮನ್ನರಿಂದ ಓಲೆ ಬಂತು. ಅದರಲ್ಲಿ ಸಹಿಯೇ ಇರಲಿಲ್ಲ. ಬರೆದವರು ಯಾರು, ಹುದ್ದೆ ಏನು ಎಂದು ಡಚ್ ಸೇನಾಧಿಕಾರಿ ತಿರುಗಿ ಕೇಳಿದರು. ಜರ್ಮನ್ನರು ಹೊಸ ಓಲೆ ಬರೆದು, ಸಹಿ ಹಾಕಿ, ಸಂಜೆ 4 ಗಂಟೆ 20 ನಿಮಿಷದವರೆಗೆ ಗಡುವು ಕೊಟ್ಟರು. ಆ ಓಲೆ ಕೈಬದಲಾಗುತ್ತಿದ್ದ ಹೊತ್ತಿಗೇ, ಮಧ್ಯಾಹ್ನ ಒಂದೂವರೆ ಸುಮಾರಿಗೆ, ಬಾಂಬರ್ ವಿಮಾನಗಳು ಊರ ಮೇಲೆ ಬಂದುಬಿಟ್ಟವು. ಕೆಳಗಿನಿಂದ ಜರ್ಮನ್ನರೇ ಹಿಂತಿರುಗಿ ಎಂದು ಕೆಂಪು ಬೆಳಕಿನ ಗುರುತು ಹಾರಿಸಿದರು. ಒಂದು ಗುಂಪು ಕಂಡು ತಿರುಗಿತು, ಇನ್ನೊಂದು ಗುಂಪು ಬಾಂಬ್ ಸುರಿಯಿತು. ಬೆಂಕಿ ಹಬ್ಬಿ ಊರಿನ ನಡುಭಾಗವೇ ಇಲ್ಲವಾಯಿತು. ಸುಮಾರು 25,000 ಮನೆಗಳು ಹೋದವು, ಸುಮಾರು 80,000 ಜನ ಬೀದಿಗೆ ಬಿದ್ದರು, ನೂರಾರು ಜನ ಸತ್ತರು. ಮುಂದಿನ ಸರದಿ ಉಟ್ರೆಕ್ಟ್ ಊರಿನದು ಎಂಬ ಬೆದರಿಕೆ ಬಂತು. ಸೇನಾಪತಿ ವಿಂಕೆಲ್ಮನ್ ಆವತ್ತು ಸಂಜೆ ಆಯುಧ ಕೆಳಗಿಡಲು ಹೇಳಿದರು. ಇನ್ನಷ್ಟು ಊರು ಸುಡುವುದನ್ನು ತಪ್ಪಿಸಿದ ಆ ನಿರ್ಧಾರಕ್ಕೂ ಧೈರ್ಯ ಬೇಕಿತ್ತು ಎಂದೇ ನನ್ನ ಅಭಿಪ್ರಾಯ.

ಲಕ್ಸೆಂಬರ್ಗ್ ಏನು ಮಾಡಿತು?

ಮಾಡಲು ಅದರ ಕೈಯಲ್ಲಿ ಏನಿತ್ತು? ಒಟ್ಟು ಜನಸಂಖ್ಯೆ ಮೂರು ಲಕ್ಷದಷ್ಟು, ಸೈನಿಕರು ಕೆಲವು ನೂರು. ಗಡಿಯ ರಸ್ತೆಗಳಿಗೆ ಕಾಂಕ್ರೀಟ್ ದಿಮ್ಮಿ, ಕಬ್ಬಿಣದ ಗೇಟು ಹಾಕಿದ್ದರು. ದೊರೆಸಾನಿ ಶಾರ್ಲಟ್ ಮತ್ತು ಸರ್ಕಾರ ಫ್ರಾನ್ಸ್‌ಗೆ ದಾಟಿಕೊಂಡರು. ಆದರೆ ಆ ಜನರ ಗಟ್ಟಿತನ ಆಮೇಲೆ ಕಂಡಿತು. 1942ರ ಆಗಸ್ಟ್ 30ರಂದು ಲಕ್ಸೆಂಬರ್ಗ್ ಹುಡುಗರೆಲ್ಲ ಜರ್ಮನ್ ಸೇನೆ ಸೇರಲೇಬೇಕು ಎಂದು ಆದೇಶ ಬಂತು. ಮರುದಿನವೇ ವಿಲ್ಟ್ಸ್ ಊರಿನಿಂದ ಮುಷ್ಕರ ಶುರುವಾಗಿ ದೇಶವೆಲ್ಲ ಹಬ್ಬಿತು, ಕಾರ್ಖಾನೆ, ಶಾಲೆ ಎಲ್ಲ ನಿಂತವು. ಅದಕ್ಕೆ ನಾಜಿಗಳು 21 ಜನರನ್ನು ಕೊಂದರು.

ಬೆಲ್ಜಿಯಂ ರಾಜ ದ್ರೋಹಿನಾ?

ಮೂರನೇ ಲಿಯೋಪೋಲ್ಡ್ ಮೇ 28ರಂದು ಸೇನೆ ಸಮೇತ ಶರಣಾದ. ಮಂತ್ರಿಗಳೆಲ್ಲ ದೇಶ ಬಿಟ್ಟು ಹೋರಾಟ ಮುಂದುವರಿಸೋಣ ಬನ್ನಿ ಎಂದರೂ ಹೋಗದೆ ಅಲ್ಲೇ ಉಳಿದ. ಫ್ರಾನ್ಸ್ ಪ್ರಧಾನಿ ರೇಡಿಯೊದಲ್ಲಿ ಅವನನ್ನು ಹೀನಾಯವಾಗಿ ಬೈದರು. ಸೇನೆಯ ಮಟ್ಟಿಗೆ ಹೇಳುವುದಾದರೆ ಆ ಬೈಗುಳ ನ್ಯಾಯವಲ್ಲ. ಬೆಲ್ಜಿಯಂ ಪಡೆ ಲೈಸ್ ನದಿಯ ದಂಡೆಯಲ್ಲಿ ಐದು ದಿನ ಕಾದಾಡಿ ದಣಿದುಹೋಗಿತ್ತು. 18 ದಿನದಲ್ಲಿ ಅದರ ಸುಮಾರು 6,000 ಸೈನಿಕರು ಸತ್ತಿದ್ದರು. ಲಕ್ಷಾಂತರ ಜನ ಗಂಟುಮೂಟೆ ಕಟ್ಟಿಕೊಂಡು ರಸ್ತೆಯಲ್ಲಿದ್ದರು. ಆದರೆ ಮಂತ್ರಿಗಳ ಮಾತು ಮೀರಿ ಉಳಿದದ್ದು ತಪ್ಪು ಎಂದೇ ನನಗನ್ನಿಸುತ್ತದೆ. ರಾಣಿ ವಿಲ್ಹೆಲ್ಮಿನಾ ಲಂಡನ್‌ನಿಂದ ರೇಡಿಯೊದಲ್ಲಿ ಮಾತಾಡಿ ತಮ್ಮ ಜನರಿಗೆ ಎಷ್ಟು ಬಲ ತುಂಬಿದರು ಎಂದು ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಯುದ್ಧದ ನಂತರ ಈ ವಿಷಯಕ್ಕೆ ಬೆಲ್ಜಿಯಂ ಎರಡು ಹೋಳಾಯಿತು. 1950ರ ಜನಮತದಲ್ಲಿ ಸುಮಾರು 57 ಶೇಕಡ ಜನ ರಾಜ ಮರಳಲಿ ಎಂದರೂ ಗಲಭೆ ನಿಲ್ಲಲಿಲ್ಲ, 1951ರಲ್ಲಿ ಮಗ ಬೋದ್ವಾನ್‌ಗೆ ಪಟ್ಟ ಬಿಟ್ಟುಕೊಟ್ಟ.

ಸ್ವಿಟ್ಜರ್ಲೆಂಡ್, ಸ್ವೀಡನ್ ಹೇಗೆ ಬಚಾವಾದವು?

ಅವು ಹಿಟ್ಲರ್‌ನ ದಾರಿಗೆ ಅಡ್ಡ ಇರಲಿಲ್ಲ, ಹಾಗೇ ಬಿಟ್ಟರೆ ಜಾಸ್ತಿ ಉಪಯೋಗ ಇತ್ತು. ಸ್ವೀಡನ್‌ನಿಂದ ಕಬ್ಬಿಣದ ಅದಿರು ಬರುತ್ತಿತ್ತು, 1943ರವರೆಗೆ ಜರ್ಮನ್ ಸೈನಿಕರು ಅದರ ರೈಲಿನಲ್ಲೇ ನಾರ್ವೆಗೆ ಓಡಾಡಿದರು. ಸ್ವಿಟ್ಜರ್ಲೆಂಡ್‌ಗೆ ಆಲ್ಪ್ಸ್ ಬೆಟ್ಟ, ಸಿದ್ಧವಾಗಿದ್ದ ಸೇನೆ, ಜೊತೆಗೆ ಜರ್ಮನಿಯಿಂದ ಚಿನ್ನ ಕೊಳ್ಳುವ ಬ್ಯಾಂಕುಗಳು. ಬೆಲ್ಜಿಯಂ ಇವರಿಗಿಂತ ಕಡಿಮೆ ಜಾಣ ಆಗಿರಲಿಲ್ಲ, ಅದು ಇದ್ದ ಜಾಗ ಬೇರೆ.

ಬ್ರಿಟನ್, ರಷ್ಯಾ ಇಂಥ ಕೆಲಸ ಮಾಡಲಿಲ್ವಾ?

ಮಾಡಿದವು, ಅದನ್ನು ಮುಚ್ಚಿಡಬಾರದು. ಅದೇ ಮೇ 10ರಂದೇ ಬ್ರಿಟಿಷ್ ಸೈನಿಕರು ತಟಸ್ಥ ಐಸ್‌ಲ್ಯಾಂಡ್‌ನಲ್ಲಿ ಇಳಿದರು. ರಕ್ತ ಹರಿಯಲಿಲ್ಲ, ಐಸ್‌ಲ್ಯಾಂಡ್ ಸರ್ಕಾರ ಪ್ರತಿಭಟಿಸಿತು. 1940ರ ಜೂನ್‌ನಲ್ಲಿ ಸೋವಿಯತ್ ಸೇನೆ ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾಗಳನ್ನು ನುಂಗಿತು. 1941ರ ಆಗಸ್ಟ್‌ನಲ್ಲಿ ಬ್ರಿಟನ್ ಮತ್ತು ರಷ್ಯಾ ಸೇರಿ ತಟಸ್ಥ ಇರಾನ್ ಮೇಲೆ ದಂಡೆತ್ತಿ ಹೋಗಿ ಅಲ್ಲಿನ ಶಾ ಗದ್ದುಗೆ ಬಿಡುವಂತೆ ಮಾಡಿದವು. ಇವೆಲ್ಲವೂ ತೂಕದಲ್ಲಿ ಒಂದೇ ಅಲ್ಲ, ಆದರೂ ನಮ್ಮನ್ನು ಕೇಳದೆ ಬಂದರು ಎಂಬ ನೋವು ಇರಾನಿಯರಿಗೂ ಅಷ್ಟೇ ನಿಜ.

ಇದರಲ್ಲಿ ಭಾರತದ ಪಾತ್ರ ಏನಾದರೂ ಇದೆಯಾ?

ಇದೆ. ಇರಾನ್‌ಗೆ ನುಗ್ಗಿದ ಬ್ರಿಟಿಷ್ ಪಡೆಯಲ್ಲಿ ದೊಡ್ಡ ಪಾಲು ಭಾರತೀಯ ಸೈನಿಕರದ್ದು, 8ನೇ ಮತ್ತು 10ನೇ ಭಾರತೀಯ ಡಿವಿಷನ್‌ಗಳು. ಅಷ್ಟೇ ಅಲ್ಲ, 1914ರಲ್ಲಿ ಬೆಲ್ಜಿಯಂ ಕಾಯಲು ಹೋದವರಲ್ಲೂ ನಮ್ಮವರಿದ್ದರು. ಈಪರ್ ಊರಿನ ಹತ್ತಿರ ಹೊಲೆಬೆಕೆಯಲ್ಲಿ ಕಾದಾಡಿದ ಖುದಾದಾದ್ ಖಾನ್ ಬ್ರಿಟನ್‌ನ ಅತಿ ದೊಡ್ಡ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್ ಪಡೆದ ಮೊದಲ ಭಾರತೀಯ ಸೈನಿಕ. ಈಪರ್‌ನ ಮೆನಿನ್ ಗೇಟ್ ಸ್ಮಾರಕದ ಕಲ್ಲಿನಲ್ಲಿ ಭಾರತೀಯರ ಹೆಸರುಗಳಿವೆ. 1940ರಲ್ಲಿ ಹೇಸರಗತ್ತೆಗಳ ಜೊತೆ ಫ್ರಾನ್ಸ್‌ಗೆ ಹೋಗಿದ್ದ ಭಾರತೀಯ ಸಾಗಣೆ ಪಡೆಯವರು, ಮಿತ್ರಸೇನೆ ಹಡಗು ಹತ್ತಿ ಪಾರಾದ ಡಂಕರ್ಕ್ ತೀರದಲ್ಲೂ ಇದ್ದರು. ಭಾರತವನ್ನು ಈ ಯುದ್ಧಕ್ಕೆ ಎಳೆಯುವಾಗ ವೈಸರಾಯ್ ಲಿನ್‌ಲಿತ್‌ಗೋ ಇಲ್ಲಿನ ಯಾವ ನಾಯಕರನ್ನೂ ಕೇಳಿರಲಿಲ್ಲ.

ಆಮೇಲೆ ಆ ಜನರ ಪಾಡು?

ನಾಲ್ಕೈದು ವರ್ಷ ನರಕ. ಹಾಲೆಂಡ್‌ನಲ್ಲಿದ್ದ ಸುಮಾರು 1,40,000 ಯಹೂದಿಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ನಾಜಿಗಳು ಕೊಂದರು. ದಿನಚರಿ ಬರೆದ ಯಹೂದಿ ಹುಡುಗಿ ಆನ್ ಫ್ರಾಂಕ್ ಅಡಗಿದ್ದದ್ದು ಆಮ್‌ಸ್ಟರ್‌ಡ್ಯಾಮ್‌ನಲ್ಲೇ. ಬೆಲ್ಜಿಯಂನಿಂದ ಸುಮಾರು 25,000 ಜನರನ್ನು ರೈಲಿನಲ್ಲಿ ತುಂಬಿ ಸಾವಿನ ಶಿಬಿರಗಳಿಗೆ ಕಳಿಸಿದರು. 1944–45ರ ಚಳಿಗಾಲದಲ್ಲಿ ಹಾಲೆಂಡ್‌ನ ಪಶ್ಚಿಮ ಭಾಗದಲ್ಲಿ ಊಟವಿಲ್ಲದೆ ಜನ ಟ್ಯುಲಿಪ್ ಗಡ್ಡೆ ಬೇಯಿಸಿ ತಿಂದರು, ಸುಮಾರು 20,000 ಜನ ಸತ್ತರು. ಬ್ರಸೆಲ್ಸ್ 1944ರ ಸೆಪ್ಟೆಂಬರ್ 3ರಂದು ಬಿಡುಗಡೆಯಾಯಿತು, ಹಾಲೆಂಡ್ ಪೂರ್ತಿ ಬಿಡುಗಡೆಯಾಗಲು 1945ರ ಮೇ 5 ಬರಬೇಕಾಯಿತು.

ಈಗಲೂ ಇವು ತಟಸ್ಥ ದೇಶಗಳಾ?

ಇಲ್ಲ. ಲಕ್ಸೆಂಬರ್ಗ್ 1948ರಲ್ಲಿ ತನ್ನ ಸಂವಿಧಾನದಿಂದಲೇ ತಟಸ್ಥತೆಯನ್ನು ತೆಗೆದುಹಾಕಿತು. 1949ರಲ್ಲಿ ನೇಟೊ ಸೇನಾ ಕೂಟ ಹುಟ್ಟಿದಾಗ ಮೂರೂ ದೇಶಗಳು ಮೊದಲ ದಿನದಿಂದಲೇ ಅದರಲ್ಲಿದ್ದವು. ಅದೇ ಸ್ಪಾಕ್ ಮುಂದೆ ನೇಟೊದ ಪ್ರಧಾನ ಕಾರ್ಯದರ್ಶಿಯೂ ಆದರು.

ಯುರೋಪಿಗೆ ಹೋದರೆ ಈ ಜಾಗಗಳನ್ನು ನೋಡಬಹುದಾ?

ನೋಡಬಹುದು. ಎಬೆನ್ ಎಮಾಲ್ ಈಗ ವಸ್ತುಸಂಗ್ರಹಾಲಯ, ಹಾಲೆಂಡ್‌ನ ಮಾಸ್ಟ್ರಿಕ್ಟ್‌ನಿಂದ ತೀರಾ ಹತ್ತಿರ. ಎಲ್ಲ ದಿನ ತೆರೆದಿರುವುದಿಲ್ಲ, ದಿನ ನೋಡಿಕೊಂಡು ಹೋಗಿ. ಸುರಂಗದೊಳಗೆ ತಣ್ಣಗಿರುತ್ತದೆ, ಬೇಸಿಗೆಯಾದರೂ ಒಂದು ಸ್ವೆಟರ್ ಇರಲಿ. ರಾಟರ್‌ಡ್ಯಾಮ್‌ನಲ್ಲಿ ಬೆಂಕಿ ಎಲ್ಲಿಯವರೆಗೆ ಹಬ್ಬಿತ್ತೋ ಆ ಗಡಿಯನ್ನು ಕಾಲುದಾರಿಯ ನೆಲದಲ್ಲೇ ದೀಪ ಕೂರಿಸಿ ಗುರುತು ಮಾಡಿದ್ದಾರೆ, ಅದರ ಜಾಡು ಹಿಡಿದು ನಡೆಯಬಹುದು. ಗ್ರೆಬ್ಬೆಬರ್ಗ್‌ನಲ್ಲಿ ಸೈನಿಕರ ಸ್ಮಶಾನವಿದೆ, ಪ್ರತಿ ವರ್ಷ ಮೇ 4ರಂದು ಅಲ್ಲಿ ಸ್ಮರಣೆ ನಡೆಯುತ್ತದೆ.